ಭೀಮಾಶಂಕರನ ಎಡಗಣ್ಣು

ಭೀಮಾಶಂಕರನ ಎಡಗಣ್ಣು ಹೋದದ್ದು ಅವನ ಅಣ್ಣ ಚಂದ್ರಾಮಪ್ಪನಿಂದ ಎಂಬುದು ಸುರಪುರದ ಹತ್ತಿರದ ಅವರ ಊರಿನಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಚಂದ್ರಾಮಪ್ಪನಿಗೆ ಆಗ ಒಂಬತ್ತೋ ಹತ್ತೋ ವರ್ಷ. ಇನ್ನೂ ಸರಿಯಾಗಿ ಮಾತು ಬಾರದ ತಮ್ಮನನ್ನು ಕಟ್ಟೆಯ ಮೇಲೆ ಕೂರಿಸಿ, ಓಣಿಯ ಹುಡುಗರ ಜೊತೆ ಚಿಣ್ಣಿದಾಂಡು ಆಡುತ್ತಿದ್ದ. ಅವನು ಹೊಡೆದ ಚಿಣ್ಣಿ ಹಾರಿಹೋಗಿ ಕೂಸಿನ ಮುಖಕ್ಕೆ ಬಡಿಯಿತು. ಕಣ್ಣು ಕೆಂಪಾಗಿ ಊದಿಕೊಂಡಿತು. ಮನೆಯವರು ಯಾರೋ ಹೇಳಿದ ಸೊಪ್ಪಿನ ರಸ ಹಿಂಡಿದರು. ಬಾವು ಇಳಿಯಿತು, ಆದರೆ ಗುಡ್ಡೆ ದಿನದಿಂದ ದಿನಕ್ಕೆ ಒಣಗಿದಂತೆ ಸಣ್ಣದಾಗುತ್ತ ಒಳಕ್ಕೆ ಸರಿದು, ರೆಪ್ಪೆ ಅದರ ಮೇಲೆ ಜೋತುಬಿತ್ತು. ಅಪ್ಪ ಚಂದ್ರಾಮಪ್ಪನನ್ನು ಕಂಬಕ್ಕೆ ಕಟ್ಟಿ ಬಾರುಕೋಲಿನಿಂದ ಹೊಡೆದ. ಮರುವಾರ ಶಾಲೆ ಬಿಡಿಸಿದ. ತಮ್ಮನನ್ನು ನೋಡಿಕೊಳ್ಳುವುದೇ ಇನ್ನು ನಿನ್ನ ಕೆಲಸ ಎಂದ.

ಚಂದ್ರಾಮಪ್ಪ ನೋಡಿಕೊಂಡ. ತಾನು ಬಿಟ್ಟ ಶಾಲೆಗೆ ತಮ್ಮನನ್ನು ಹೆಗಲ ಮೇಲೆ ಹೊತ್ತು ಬಿಟ್ಟುಬಂದ. ‘ಒಕ್ಕಣ್ಣ’ ಎಂದು ಅಣಕಿಸಿದ ಹುಡುಗರ ಜೊತೆ ಜಗಳ ತೆಗೆದ. ಮುಂದೆ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬಂದು, ಕಾಲೂರುತ್ತಿದ್ದಂತೆ ತಮ್ಮನನ್ನೂ ಕರೆಸಿಕೊಂಡ. ಶಿವಾಜಿನಗರದಲ್ಲಿ ಸೋಫಾ ಕೆಲಸದ ಅಂಗಡಿ ಇಟ್ಟಿದ್ದ ನಯಾಜ್ ಎಂಬವನ ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಕೇಳಿಕೊಂಡು ಅವನನ್ನು ಅಲ್ಲಿ ಸೇರಿಸಿದ. ಒಂದೇ ಕಣ್ಣಿನವನು ಸ್ಪಂಜು, ಬಟ್ಟೆ, ಮೊಳೆಯ ಕೆಲಸವನ್ನು ಹೇಗೆ ಕಲಿತಾನು ಎಂದು ನಯಾಜ್ ಅನುಮಾನಿಸಿದ್ದ. ಎರಡು ವರ್ಷಕ್ಕೆ ಅಂಗಡಿಯ ಒಳ್ಳೆಯ ಕೆಲಸವೆಲ್ಲ ಭೀಮಾಶಂಕರನ ಕೈಗೇ ಬರತೊಡಗಿತು. ಅಣ್ಣತಮ್ಮಂದಿರು ರಸ್ತೆಯಲ್ಲಿ ನಡೆಯುವಾಗ ಚಂದ್ರಾಮಪ್ಪ ಯಾವಾಗಲೂ ತಮ್ಮನ ಎಡಕ್ಕೆ ಇರುತ್ತಿದ್ದ. ಆ ಕಡೆಯಿಂದ ಬರುವ ಆಟೋ, ಬೈಕು ತಮ್ಮನಿಗೆ ಕಾಣುವುದಿಲ್ಲವಲ್ಲ. ಚಂದ್ರಾಮಪ್ಪನ ಹೆಂಡತಿ ಹುಸೇನಮ್ಮನಿಗೂ ಇದೆಲ್ಲ ರೂಢಿಯಾಗಿತ್ತು. ಗಂಡ ತನಗೆ ಸೀರೆ ತರುವುದು ಮರೆತಾನು, ತಮ್ಮನಿಗೆ ಹೊಸ ಕನ್ನಡಕ ಮಾಡಿಸುವುದು ಮರೆಯುವುದಿಲ್ಲ ಎಂದು ಅವಳು ನಗುತ್ತಲೇ ಹೇಳುತ್ತಿದ್ದಳು. ಮಕ್ಕಳಿಲ್ಲದ ಅವಳಿಗೆ ಮೈದುನನೂ ಒಂದು ಕೂಸೇ.

ಹುಸೇನಮ್ಮನ ಕೈಯ ಜೋಳದ ರೊಟ್ಟಿಗೆ ಗಿರಾಕಿ ಹೆಚ್ಚಿದಾಗ ಚಂದ್ರಾಮಪ್ಪ ಗಾರೆ ಕೆಲಸ ಬಿಟ್ಟು ಜೋಗುಪಾಳ್ಯದ ಗಲ್ಲಿಯಲ್ಲಿ ಒಂದು ಸಣ್ಣ ರೊಟ್ಟಿ ಅಂಗಡಿ ತೆರೆದ. ಇಂದಿರಾನಗರದ ಪಿ.ಜಿ.ಗಳಲ್ಲಿರುವ ಉತ್ತರ ಕರ್ನಾಟಕದ ಹುಡುಗರಿಗೆಲ್ಲ ಅಲ್ಲಿಂದಲೇ ರೊಟ್ಟಿ ಹೋಗುತ್ತಿತ್ತು. ಅಂಗಡಿಯ ಹಿಂದೆ ಅವರ ಮನೆ, ಮೇಲಿನ ಕೋಣೆಯಲ್ಲಿ ಭೀಮಾಶಂಕರ ಮತ್ತು ಅವನ ಹೆಂಡತಿ ಪ್ರಿಯದರ್ಶಿನಿ. ಪಿಯುಸಿ ಓದಿದ ಪ್ರಿಯದರ್ಶಿನಿಗೆ ಮಾರತ್ತಹಳ್ಳಿಯ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ಲಿಂಗ್ ಕೆಲಸವಿತ್ತು.

ಅವರ ಮಗಳು ವೈಷ್ಣವಿಗೆ ಒಂದೂವರೆ ವರ್ಷವಾಗಿದ್ದಾಗ, ಒಂದು ಸಂಜೆ ಪ್ರಿಯದರ್ಶಿನಿ ಮಗುವಿಗೆ ಹೊಸ ಫ್ರಾಕು ತೊಡಿಸಿ ಫೋನಿನಲ್ಲಿ ಫೋಟೊ ತೆಗೆದಳು. ಫ್ಲಾಶ್ ಬಿದ್ದ ಫೋಟೊದಲ್ಲಿ ಮಗುವಿನ ಬಲಗಣ್ಣಿನ ಪಾಪೆ ಬೆಳ್ಳಗೆ ಹೊಳೆಯುತ್ತಿತ್ತು. ಮತ್ತೆ ತೆಗೆದಳು, ಮತ್ತೆ ಹಾಗೆಯೇ. ಕೆಳಗಿಳಿದು ಬಂದು ಎಲ್ಲರಿಗೂ ತೋರಿಸಿದಳು. ಚಂದ್ರಾಮಪ್ಪ ಫೋನನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದ. ಆಮೇಲೆ ಹಿಂದಕ್ಕೆ ಕೊಟ್ಟ.

ಕಂಟೋನ್ಮೆಂಟ್ ಕಡೆಯ ಕಣ್ಣಿನ ಆಸ್ಪತ್ರೆಯಲ್ಲಿ ವೈದ್ಯರು ಮಗುವಿಗೆ ಅರಿವಳಿಕೆ ಕೊಟ್ಟು ನೋಡಿದರು. ಎರಡೂ ಕಣ್ಣಿನ ಹಿಂಪರದೆಯಲ್ಲಿ ಗಡ್ಡೆಗಳಿದ್ದವು. ಅದು ಸಣ್ಣ ಮಕ್ಕಳಿಗೆ ಮಾತ್ರ ಬರುವ ಒಂದು ಬಗೆಯ ಕ್ಯಾನ್ಸರು. ಒಳಗಿನ ಗಡ್ಡೆಯ ಮೇಲೆ ಬೆಳಕು ಬಿದ್ದು ತಿರುಗಿ ಬಂದಾಗ ಕಣ್ಣು ಹಾಗೆ ಹೊಳೆಯುತ್ತದೆ ಎಂದರು. ಬಲಗಣ್ಣು ಉಳಿಯುವ ಹಂತ ದಾಟಿತ್ತು, ಅದನ್ನು ತೆಗೆದುಹಾಕಿದರು. ಎಡಗಣ್ಣನ್ನು ಕೀಮೊ ಕೊಟ್ಟು ಉಳಿಸಿಕೊಂಡರು. ಪ್ರಿಯದರ್ಶಿನಿ ಕೆಲಸ ಬಿಟ್ಟು ವರ್ಷವಿಡೀ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಾಡಿದಳು. ಬಸುರಿಯಾಗಿದ್ದಾಗ ಗ್ರಹಣದ ದಿನವೂ ಡ್ಯೂಟಿಗೆ ಹೋದದ್ದಕ್ಕೇ ಹೀಗಾಯಿತು ಎಂದು ಅವಳ ತವರಿನವರೇ ಅಂದರು.

ಅಲ್ಲಿಯೇ ವಂಶವಾಹಿಗಳ ವಿಚಾರ ನೋಡುವ ಕಾವೇರಿ ಎಂಬ ಡಾಕ್ಟರು ಇದ್ದರು. ಮಗುವಿನ ರಕ್ತ ಪರೀಕ್ಷೆ ಮಾಡಿಸಿ, ಒಂದು ಜೀನಿನಲ್ಲಿ ತಪ್ಪಿದೆ, ಅದು ಮಗುವಿನ ಮೈಯ ಎಲ್ಲ ಜೀವಕೋಶಗಳಲ್ಲೂ ಇದೆ ಎಂದು ಅವರು ಕಂಡುಹಿಡಿದರು. ಆಮೇಲೆ ತಂದೆತಾಯಿಯ ರಕ್ತವನ್ನೂ ನೋಡಿದರು. ಭೀಮಾಶಂಕರನ ಕಣ್ಣಿಗೆ ಏನಾಗಿದೆ ಎಂದು ಅವರು ಆಗಲೇ ಕೇಳಿದ್ದರು. ಸಣ್ಣವನಿದ್ದಾಗ ಪೆಟ್ಟು ಬಿದ್ದಿತ್ತು ಎಂದು ಭೀಮಾಶಂಕರ ಹೇಳಿದ. ಅವರು ಪಕ್ಕದಲ್ಲಿದ್ದ ಚಂದ್ರಾಮಪ್ಪನ ಮುಖ ನೋಡಿದರು.

“ಹೌದ್ರಿ. ನಾನೇ ಹೊಡದಿದ್ದು” ಎಂದ ಚಂದ್ರಾಮಪ್ಪ.

ಗಂಡಹೆಂಡತಿ ಇಬ್ಬರ ರಕ್ತದಲ್ಲೂ ಆ ತಪ್ಪು ಸಿಗಲಿಲ್ಲ. ಹಾಗಾಗಿ ಅದು ಮಗುವಿನಲ್ಲಿ ಹೊಸದಾಗಿ ಹುಟ್ಟಿದ್ದಿರಬೇಕು, ಮುಂದಿನ ಮಗುವಿಗೆ ಬರುವ ಸಾಧ್ಯತೆ ಬಹಳ ಕಡಿಮೆ, ಆದರೂ ಪೂರ್ತಿ ಇಲ್ಲವೆನ್ನಲು ಆಗುವುದಿಲ್ಲ, ಮುಂದೆ ಮಗುವಾದರೆ ತಪ್ಪದೆ ತೋರಿಸಿ ಎಂದರು ಕಾವೇರಿ. ಮನೆಯವರ ಕಿವಿಗೆ ಬಿದ್ದದ್ದು ಮೊದಲರ್ಧ ಮಾತ್ರ. ಯಾರ ರಕ್ತದಲ್ಲೂ ದೋಷವಿಲ್ಲ ಎಂಬ ಮಾತನ್ನು ಪ್ರಿಯದರ್ಶಿನಿ ಅವತ್ತೇ ಫೋನು ಮಾಡಿ ತವರಿಗೆ ಹೇಳಿದಳು. ತುಂಬಾ ದಿನದ ಮೇಲೆ ಅವಳು ತಲೆ ಬಾಚಿ ಹೂ ಮುಡಿದದ್ದನ್ನು ಹುಸೇನಮ್ಮ ನೋಡಿದಳು.

ಚಂದ್ರಾಮಪ್ಪನ ಒಳಗೆ ಮಾತ್ರ ಬೇರೆ ಏನೋ ಕೊರೆಯುತ್ತಿತ್ತು. ಫೋಟೊದಲ್ಲಿ ಕಂಡ ಆ ಬಿಳಿ ಹೊಳಪು ಅವನಿಗೆ ಹೊಸದಾಗಿರಲಿಲ್ಲ. ಕರೆಂಟಿಲ್ಲದ ಆ ಕಾಲದಲ್ಲಿ ಅವ್ವ ಕಂದೀಲು ಹಚ್ಚಿ ಗೂಟಕ್ಕೆ ತೂಗುಹಾಕಿದಾಗ ತೊಟ್ಟಿಲ ಕೂಸಿನ ಎಡಗಣ್ಣು ಬೆಕ್ಕಿನ ಕಣ್ಣಿನಂತೆ ಹೊಳೆಯುತ್ತಿತ್ತು. ಅದು ಹೊಳೆಯಲೆಂದೇ ಚಂದ್ರಾಮಪ್ಪ ಕಂದೀಲನ್ನು ಆಚೆ ಈಚೆ ಸರಿಸಿ ಆಟವಾಡುತ್ತಿದ್ದ. ನನ್ನ ಮಗನ ಕಣ್ಣಾಗ ಚುಕ್ಕಿ ಅದ ಎಂದು ಅವ್ವ ನೆರೆಮನೆಯವರನ್ನು ಕರೆದು ತೋರಿಸುತ್ತಿದ್ದಳು. ಇದೆಲ್ಲ ಚಿಣ್ಣಿ ಬಡಿಯುವುದಕ್ಕೆ ಮುಂಚಿನ ಮಾತು. ಅವ್ವನೂ ಈಗಿಲ್ಲ, ಅಪ್ಪನೂ ಇಲ್ಲ. ಆ ಹೊಳಪನ್ನು ಕಂಡವನು ಉಳಿದದ್ದು ತಾನೊಬ್ಬನೇ.

ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ತಮ್ಮನಿಗೆ ಏನು ತಿಳಿಯುತ್ತದೆ? ಮಗಳಿಗೆ ಈ ರೋಗ ತನ್ನ ಮೈಯಿಂದಲೇ ಹೋಯಿತೆಂದು. ಮಗುವಿನ ಕಣ್ಣು ತೆಗೆದ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ತಮ್ಮ ಅತ್ತದ್ದನ್ನು ಚಂದ್ರಾಮಪ್ಪ ನೋಡಿದ್ದ. ಅದರ ಮೇಲೆ ಇದೊಂದನ್ನು ಹೇರಬೇಕೇ? ರಕ್ತದಲ್ಲಿ ಏನೂ ಇಲ್ಲ ಎಂದು ಡಾಕ್ಟರೇ ಹೇಳಿದ ಮೇಲೆ ತನ್ನ ಕಂದೀಲಿನ ಕಥೆಗೆ ಬೆಲೆಯಾದರೂ ಏನು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಅದರ ಕೆಳಗೆ ಇನ್ನೊಂದು ಮಾತೂ ಇತ್ತು, ಅದನ್ನು ಅವನು ಮುಟ್ಟಿ ನೋಡಲು ಹೋಗಲಿಲ್ಲ. ತಮ್ಮನ ಕಣ್ಣು ಕಳೆದವನು ಎಂಬುದೇ ಅವನ ಬದುಕಿನ ಗೂಟವಾಗಿತ್ತು. ಅದನ್ನು ಕಿತ್ತರೆ ತಾನು ಯಾರೆಂದು ಅವನಿಗೆ ಗೊತ್ತಿರಲಿಲ್ಲ.

ವೈಷ್ಣವಿಗೆ ನಾಲ್ಕು ವರ್ಷವಾಯಿತು. ಕೃತಕ ಕಣ್ಣು ಹಾಕಿಕೊಂಡು ಹಲಸೂರಿನ ಒಂದು ನರ್ಸರಿಗೆ ಹೋಗತೊಡಗಿದಳು. ಆ ಹೊತ್ತಿಗೆ ಪ್ರಿಯದರ್ಶಿನಿ ಮತ್ತೆ ಗರ್ಭಿಣಿಯಾದಳು. ಕಾವೇರಿ ಡಾಕ್ಟರು ಕರೆಸಿ ಮಾತಾಡಿದರು. ಬಯಸಿದರೆ ಗರ್ಭದ ನೀರು ತೆಗೆದು ಮಗುವಿಗೂ ಆ ತಪ್ಪು ಬಂದಿದೆಯೇ ನೋಡಬಹುದು, ಆದರೆ ಸೂಜಿ ಚುಚ್ಚುವುದರಿಂದ ಗರ್ಭಕ್ಕೆ ಅಲ್ಪಸ್ವಲ್ಪ ಅಪಾಯವಿದೆ ಎಂದರು. ಸಾಧ್ಯತೆ ಇಷ್ಟು ಕಡಿಮೆ ಇರುವಾಗ ಅದೇಕೆ ಎಂದು ಗಂಡಹೆಂಡತಿ ಬೇಡವೆಂದರು. ಹೆರಿಗೆ ಲಿಂಗಸುಗೂರಿನ ತವರಿನಲ್ಲೇ ಆಗಲಿ, ಬಾಣಂತನ ಮುಗಿಸಿ ಐದು ತಿಂಗಳಿಗೆ ಬರಲಿ ಎಂದು ತಾಯಿ ಹಟ ಹಿಡಿದಳು. ಪ್ರಿಯದರ್ಶಿನಿಯೂ ಒಪ್ಪಿದಳು. ಮಗುವನ್ನು ಕರೆತಂದ ಮೇಲೆ ಆಸ್ಪತ್ರೆಗೆ ತೋರಿಸಿದರಾಯಿತು ಎಂದುಕೊಂಡರು.

ಐದು ತಿಂಗಳು ಎಂಬ ಮಾತು ಕೇಳಿದ ಮೇಲೆ ಚಂದ್ರಾಮಪ್ಪನಿಗೆ ಅನ್ನ ಸೇರಲಿಲ್ಲ. ಆರು ತಿಂಗಳು ಮುಂಚೆ ಬಂದಿದ್ದರೆ ಬಲಗಣ್ಣೂ ಉಳಿಯುತ್ತಿತ್ತೇನೋ ಎಂದು ವೈಷ್ಣವಿಯ ಬಗ್ಗೆ ವೈದ್ಯರು ಹೇಳಿದ್ದು ಅವನಿಗೆ ನೆನಪಿತ್ತು. ಮಾರನೆಯ ದಿನ ಪಿ.ಜಿ.ಗಳಿಗೆ ರೊಟ್ಟಿ ಮುಟ್ಟಿಸಿದವನು ಮನೆಗೆ ಬರದೆ, ಯಾರಿಗೂ ಹೇಳದೆ ನೇರ ಆಸ್ಪತ್ರೆಗೆ ಹೋದ. ಕಾವೇರಿ ಡಾಕ್ಟರ ಕೋಣೆಯ ಹೊರಗೆ ಮಧ್ಯಾಹ್ನದವರೆಗೂ ಕೂತ. ಅವರು ಕರೆದಾಗ ಬಾಗಿಲಲ್ಲೇ ನಿಂತು ಕಂದೀಲಿನ ಮಾತು ಹೇಳಿದ.

ಅವರು ಪೆನ್ನು ಕೆಳಗಿಟ್ಟರು. “ಕೂತ್ಕೊಳ್ಳಿ. ಆ ಹೊಳಪು, ಪೆಟ್ಟು ಬೀಳೋದಕ್ಕೆ ಮುಂಚೆ ಇತ್ತಾ, ಆಮೇಲಾ? ಯೋಚ್ನೆ ಮಾಡಿ ಹೇಳಿ.”

“ಮೊದ್ಲೇ ಇತ್ತ್ರಿ. ಆ ಸಲ ಥಂಡಿದಿನದಾಗ ಪೂರಾ ನೋಡೀನಿ. ಚಿಣ್ಣಿ ಬಡದಿದ್ದು ಬ್ಯಾಸಿಗ್ಯಾಗ.”

“ಖಂಡಿತಾನಾ?”

“ನನಗ ಮರೀಲಿಕ್ಕೆ ಆಗಂಗಿಲ್ರಿ ಅದು.”

ಆಮೇಲೆ ಕಾವೇರಿ ಬಹಳ ಹೊತ್ತು ವಿವರಿಸಿದರು. ಅಪರೂಪಕ್ಕೆ ಇಂಥ ಗಡ್ಡೆ ತಾನಾಗಿ ಸತ್ತುಹೋಗುತ್ತದೆ, ಅದರ ಜೊತೆ ಕಣ್ಣೂ ಬತ್ತಿಹೋಗುತ್ತದೆ. ಭೀಮಾಶಂಕರನ ಕಣ್ಣು ಹಾಗೆ ಹೋದದ್ದಿರಬಹುದು ಎಂದರು. ಹಾಗಾದರೆ ರಕ್ತದಲ್ಲಿ ಏಕೆ ಸಿಗಲಿಲ್ಲ ಎಂದು ಚಂದ್ರಾಮಪ್ಪ ಕೇಳಿದ. ಅವರು ಕಾಗದದ ಮೇಲೆ ಒಂದು ಸೊನ್ನೆ ಬರೆದರು. ಎಲ್ಲರ ದೇಹವೂ ಶುರುವಾಗುವುದು ಒಂದೇ ಜೀವಕೋಶದಿಂದ, ಅದು ಎರಡಾಗಿ, ನಾಲ್ಕಾಗಿ ಒಡೆಯುತ್ತ ಹೋಗುತ್ತದೆ ಎನ್ನುತ್ತ ಸೊನ್ನೆಗಳನ್ನು ಹೆಚ್ಚಿಸುತ್ತ ಹೋದರು. ನಡುವಿನ ಒಂದನ್ನು ಕಪ್ಪು ಮಾಡಿದರು. ಒಡೆಯುವಾಗ ಯಾವುದೋ ಒಂದರಲ್ಲಿ ತಪ್ಪು ನುಸುಳಿದರೆ ಅದರಿಂದ ಹುಟ್ಟಿದವಕ್ಕೆಲ್ಲ ಆ ತಪ್ಪು ಬರುತ್ತದೆ, ಉಳಿದವು ಸರಿಯಾಗಿಯೇ ಇರುತ್ತವೆ. ಒಬ್ಬನೇ ಮನುಷ್ಯ, ಆದರೆ ಮೈಯೊಳಗಿನ ಕೋಶಗಳು ಎರಡು ಥರ. ಅಂಥವರನ್ನು ಮೊಸಾಯಿಕ್ ಎನ್ನುತ್ತಾರೆ. ತಪ್ಪಿರುವ ಕೋಶ ರಕ್ತದಲ್ಲಿ ತೀರ ಕಡಿಮೆ ಇದ್ದರೆ ಸಾಮಾನ್ಯ ಪರೀಕ್ಷೆಯ ಕಣ್ಣಿಗೆ ಬೀಳುವುದಿಲ್ಲ. ಅದೇ ಕೋಶಗಳು ವೀರ್ಯದಲ್ಲಿ ಎಷ್ಟಿವೆಯೋ ಯಾರಿಗೂ ಗೊತ್ತಿಲ್ಲ. ಅಲ್ಲಿಂದ ಮಗು ಹುಟ್ಟಿದರೆ ಆ ಮಗುವಿನ ಇಡೀ ಮೈಯಲ್ಲಿ ಆ ತಪ್ಪು ಇರುತ್ತದೆ.

ಚಂದ್ರಾಮಪ್ಪನಿಗೆ ಜೋಳದ ಚೀಲ ನೆನಪಾಯಿತು. ಚೀಲದಲ್ಲಿ ಅಲ್ಲೊಂದು ಇಲ್ಲೊಂದು ಕಾಡಿಗೆ ರೋಗ ಹಿಡಿದು ಕಪ್ಪಾದ ಕಾಳಿದ್ದರೆ, ಒಂದು ಹಿಡಿ ತೆಗೆದು ನೋಡಿದವನಿಗೆ ಅದು ಸಿಗದಿರಬಹುದು. ಅಷ್ಟಕ್ಕೇ ಚೀಲವೆಲ್ಲ ಚೊಕ್ಕ ಎನ್ನಲಾಗದು. ಅವನು ಹಾಗೆಂದಾಗ ಕಾವೇರಿ ತಲೆಯಾಡಿಸಿದರು. ಈಗ ಕಾಳುಕಾಳನ್ನೂ ಎಣಿಸುವಂಥ ಪರೀಕ್ಷೆ ಇದೆ, ಅದನ್ನು ಮಾಡಿಸೋಣ ಎಂದರು.

“ಅಂದ್ರ, ನನ್ನ ಚಿಣ್ಣಿಯಿಂದ ಅವನ ಕಣ್ಣು ಹೋಗಿಲ್ಲೇನ್ರಿ?”

“ಗೊತ್ತಿಲ್ಲ. ಪೆಟ್ಟಿಂದ ಏನೂ ಆಗಿಲ್ಲ ಅಂತ ನಾನು ಹೇಳೋಕಾಗಲ್ಲ. ಆದ್ರೆ ನೀವು ಹೇಳ್ತಿರೋದು ನಿಜ ಆದ್ರೆ, ಆ ಕಣ್ಣು ಆಗ್ಲೇ ಹಾಳಾಗಿತ್ತು.” ಆಮೇಲೆ ಕೇಳಿದರು: “ನಿಮ್ ತಮ್ಮಂಗೆ ನೀವೇ ಹೇಳ್ತೀರಾ, ನಾನು ಕರೆಸಿ ಹೇಳ್ಲಾ?”

ತಾನೇ ಹೇಳುತ್ತೇನೆ ಎಂದು ಚಂದ್ರಾಮಪ್ಪ ಎದ್ದ.

ಅವತ್ತು ಭಾನುವಾರವಲ್ಲವಾದ್ದರಿಂದ ಭೀಮಾಶಂಕರ ಕೆಲಸದಲ್ಲಿದ್ದ. ಚಂದ್ರಾಮಪ್ಪ ಸಂಜೆಯವರೆಗೆ ಕಾದ. ತಮ್ಮ ಕೈಕಾಲು ತೊಳೆದು, ಊಟಕ್ಕೆ ಕೂತು, ಊಟ ಮುಗಿಸಿದ. ವೈಷ್ಣವಿಯನ್ನು ಹುಸೇನಮ್ಮ ಕೆಳಗೆ ಕರೆದುಕೊಂಡು ಹೋದಳು. ಚಂದ್ರಾಮಪ್ಪ ತಮ್ಮ ಮತ್ತು ಅವನ ಹೆಂಡತಿಯ ಎದುರು ನೆಲದ ಮೇಲೆ ಕೂತು, ಕಂದೀಲಿನಿಂದ ಹಿಡಿದು ಜೋಳದ ಚೀಲದವರೆಗೆ ಎಲ್ಲವನ್ನೂ ಹೇಳಿದ.

ಮುಗಿದ ಮೇಲೆ ಮೊದಲು ಬಾಯಿ ತೆರೆದವಳು ಪ್ರಿಯದರ್ಶಿನಿ. ಅವಳು ಭಾವನ ಎದುರು ಎಂದೂ ದನಿ ಏರಿಸಿದವಳಲ್ಲ, ಈಗಲೂ ಏರಿಸಲಿಲ್ಲ.

“ಫೋಟೊ ತೋರ್ಸಿದ ದಿನಾನೇ ನಿಮಗ ಗೊತ್ತಾಗಿತ್ತೇನ್ರಿ ಭಾವ?”

“ಅನುಮಾನ ಬಂದಿತ್ತವ್ವ.”

“ಮೂರ್ ವರ್ಷ ಆಗ್ಲಿಕ್ಕೆ ಬಂತು. ನಾನು ಗ್ರಹಣದಾಗ ಹೊರಗ ಹೋಗಿದ್ದೆ ಅಂತ ಮಂದಿ ಅಂದಾಗೂ ನೀವು ಕೇಳ್ಕೋತ ಕುಂತ್ರಿ.”

ತಮ್ಮನಿಗೆ ನೋವಾದೀತೆಂದು ಚಂದ್ರಾಮಪ್ಪ ಹೆದರಿದ್ದನೇ ಹೊರತು, ಆ ಮೌನದ ಭಾರ ಈ ಹುಡುಗಿಯ ತಲೆಯ ಮೇಲೆ ಕೂತಿದೆ ಎಂಬುದು ಅವನಿಗೆ ಹೊಳೆದೇ ಇರಲಿಲ್ಲ. ತಪ್ಪಾಯಿತು ಎಂದ. ಅವಳು ಮುಖ ತಿರುಗಿಸಿದಳು.

ಭೀಮಾಶಂಕರ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸುತ್ತಲೇ ಇದ್ದ. ಅದು ಒರೆಸುವಷ್ಟು ಕೊಳೆಯಾಗಿರಲಿಲ್ಲ.

“ಹಂಗಾದ್ರ ನನ್ನ ಮಗಳ ಕಣ್ಣು ನಾನೇ ಕಳದೀನಿ” ಎಂದ.

“ನೀ ಏನ್ ಮಾಡಿದಿ? ನಿನಗೇನ್ ಗೊತ್ತಿತ್ತು? ತಾಯಿ ಹೊಟ್ಯಾಗಿದ್ದಾಗ ಆಗಿದ್ದದು.”

“ನಿನಗೇನ್ ಗೊತ್ತಿತ್ತು ಮತ್ತ? ಚಿಣ್ಣಿ ಎಲ್ಲಿ ಬೀಳ್ತದ ಅಂತ ನಿನಗ ಗೊತ್ತಿತ್ತೇನು?” ಭೀಮಾಶಂಕರ ಎದ್ದು ನಿಂತ. “ಇಷ್ಟ್ ದಿನ ನನ್ನ ಮುಂದ ತಲಿ ಬಗ್ಗಿಸ್ಕೊಂಡೇ ತಿರುಗಿದಿ. ನಾನೂ ಬಗ್ಗಿಸ್ಕೊಂಡ್ ಹಂಗೇ ತಿರುಗ್ಲಿ ಏನು, ವೈಷ್ಣವಿ ಮುಂದ?”

ಮೆಟ್ಟಿಲಿಳಿದು ಹೊರಗೆ ಹೋದ. ಚಂದ್ರಾಮಪ್ಪ ಹಿಂದೆ ಹೋಗಲು ಎದ್ದಾಗ ಪ್ರಿಯದರ್ಶಿನಿ ಬೇಡವೆಂದಳು. ಅವನು ಒಬ್ಬನೇ ಹೋಗಿ ಬರಲಿ ಎಂದಳು.

ಅವತ್ತಿನಿಂದ ಮುಂದಿನದನ್ನೆಲ್ಲ ಅವಳೇ ವಹಿಸಿಕೊಂಡಳು. ತವರಿಗೆ ಫೋನು ಮಾಡಿ, ಹೆರಿಗೆ ಬೆಂಗಳೂರಿನಲ್ಲೇ ಎಂದು ಹೇಳಿ, ತಾಯಿಯ ಗೋಳಾಟಕ್ಕೆ ಕಿವಿಗೊಡದೆ ಫೋನಿಟ್ಟಳು. ಗಂಡನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಹಿರಿಯ ವೈದ್ಯರು ಭೀಮಾಶಂಕರನ ಬತ್ತಿದ ಕಣ್ಣನ್ನು ನೋಡಿ ಸ್ಕ್ಯಾನ್ ಮಾಡಿಸಿದರು. ಒಳಗೆ ಸುಣ್ಣ ಕಟ್ಟಿದ ಕಲೆಗಳಿದ್ದವು. ಪೆಟ್ಟು ಬಿದ್ದು ಬತ್ತಿದ ಕಣ್ಣಿನಲ್ಲೂ ಹೀಗೆ ಸುಣ್ಣ ಕಟ್ಟುವುದುಂಟು, ಆದರೆ ಈ ಕಲೆಗಳ ರೀತಿ ನೋಡಿದರೆ ಹಳೆಯ ಗಡ್ಡೆಯೇ ಸತ್ತು ಉಳಿದದ್ದಿರಬೇಕು ಎಂದರು. ಕಾವೇರಿ ಹೊಸ ಬಗೆಯ ರಕ್ತ ಪರೀಕ್ಷೆಗೆ ಕಳಿಸಿದರು. ವೈಷ್ಣವಿಯ ಮೈಯಲ್ಲಿರುವ ಅದೇ ತಪ್ಪು ತಂದೆಯ ರಕ್ತದ ನೂರು ಕೋಶಗಳಲ್ಲಿ ನಾಲ್ಕೈದರಲ್ಲಿ ಇತ್ತು. ಉಳಿದವೆಲ್ಲ ಚೊಕ್ಕ. ಹಿಂದಿನ ಪರೀಕ್ಷೆಯಲ್ಲಿ ಅದು ತಪ್ಪಿಸಿಕೊಂಡದ್ದು ಯಾರ ನಿರ್ಲಕ್ಷ್ಯದಿಂದಲೂ ಅಲ್ಲ, ಆ ಪರೀಕ್ಷೆಯ ಮಿತಿಯೇ ಅಷ್ಟು ಎಂದು ಕಾವೇರಿ ವಿವರಿಸಿದರು. ಭೀಮಾಶಂಕರ ತನ್ನ ಮೈಯನ್ನೂ ವರ್ಷಕ್ಕೊಮ್ಮೆ ತೋರಿಸಿಕೊಳ್ಳಬೇಕು, ಗಂಟು, ಮೂಳೆ ನೋವು ಏನೇ ಬಂದರೂ ತಾತ್ಸಾರ ಮಾಡಬಾರದು ಎಂದೂ ಹೇಳಿದರು. ವೈಷ್ಣವಿಗೆ ಆ ಎಚ್ಚರ ಇನ್ನೂ ಹೆಚ್ಚು ಬೇಕು.

ಈಗ ಸಾಧ್ಯತೆ ಕಡಿಮೆ ಎನ್ನುವಂತಿರಲಿಲ್ಲ. ಪ್ರಿಯದರ್ಶಿನಿ ಗರ್ಭದ ನೀರಿನ ಪರೀಕ್ಷೆಗೆ ಒಪ್ಪಿದಳು. ಫಲಿತಾಂಶ ಬಂತು. ಮಗುವಿಗೂ ಆ ತಪ್ಪು ಇತ್ತು.

ಮುಂದಿನ ದಾರಿಗಳನ್ನೆಲ್ಲ ಡಾಕ್ಟರು ಗಂಡಹೆಂಡತಿಯನ್ನು ಕೂರಿಸಿಕೊಂಡು ಹೇಳಿದರು. ಗರ್ಭ ಉಳಿಸಿಕೊಳ್ಳದಿರುವ ದಾರಿಯೂ ಅದರಲ್ಲಿತ್ತು. ಮನೆಗೆ ಬಂದ ಮೂರನೆಯ ದಿನ ಪ್ರಿಯದರ್ಶಿನಿ, ರೊಟ್ಟಿ ಬಡಿಯುತ್ತಿದ್ದ ಹುಸೇನಮ್ಮನ ಪಕ್ಕ ಬಂದು ಕೂತಳು.

“ಅಕ್ಕಾ, ಈ ಕೂಸು ಬ್ಯಾಡ ಅಂದ್ರ ವೈಷ್ಣವೀನೂ ಬ್ಯಾಡಾಗಿತ್ತು ಅಂದಂಗಾಗ್ತದ. ಅದು ನನ್ನ ಬಾಯಾಗ ಬರಂಗಿಲ್ಲ.”

“ಹಂಗಾದ್ರ ಇಟ್ಕೋ” ಎಂದಳು ಹುಸೇನಮ್ಮ. ಹಿಟ್ಟಿನ ಕೈಯಲ್ಲೇ ಅವಳ ಬೆನ್ನು ಸವರಿದಳು.

ಆ ತಿಂಗಳುಗಳಲ್ಲಿ ಭೀಮಾಶಂಕರ ಅಣ್ಣನ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದ. ಚಂದ್ರಾಮಪ್ಪನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಗಬೇಕಿತ್ತು. ಹಾಗಾಗಲಿಲ್ಲ. ಅದರ ಬದಲು, ಅವನು ಎಂದೂ ಎಣಿಸದಿದ್ದ ಒಂದು ಸಿಟ್ಟು ಬಂತು. ಒಂದು ಬೆಳಿಗ್ಗೆ ಒಲೆಗೆ ಬೆಂಕಿ ಹೊತ್ತಿಸುತ್ತಿದ್ದವನಿಗೆ ಕಂಬಕ್ಕೆ ಕಟ್ಟಿಸಿಕೊಂಡು ನಿಂತ ಒಂಬತ್ತು ವರ್ಷದ ಹುಡುಗ ಕಣ್ಣ ಮುಂದೆ ಬಂದ. ಇಷ್ಟು ವರ್ಷ ಆ ಹುಡುಗನನ್ನು ಅವನು ಹೊಡೆಯುವವರ ಕಡೆ ನಿಂತೇ ನೋಡಿದ್ದ. ಪೆಟ್ಟು ಸರಿಯಾಗಿಯೇ ಬಿತ್ತು, ಇನ್ನೂ ಬೀಳಬೇಕಿತ್ತು ಎಂದೇ ನಂಬಿದ್ದ. ಈಗ ಆ ಹುಡುಗನದು ತಪ್ಪಾಗಿರಲಿ ಬಿಡಲಿ, ಅಷ್ಟು ಸಣ್ಣವನನ್ನು ಹಾಗೆ ಹೊಡೆಯಬಾರದಿತ್ತು, ಶಾಲೆ ಬಿಡಿಸಬಾರದಿತ್ತು ಎನ್ನಿಸಿತು. ಸತ್ತುಹೋದ ಅಪ್ಪನ ಮೇಲೆ ಕೋಪ ಬಂತು. ಕೈಲಿದ್ದ ಕಟ್ಟಿಗೆಯನ್ನು ಗೋಡೆಗೆ ಎಸೆದ. ಸದ್ದು ಕೇಳಿ ಬಂದ ಹುಸೇನಮ್ಮ ಏನಾಯಿತೆಂದು ಕೇಳಿದಳು. ಅವನು ಹೇಳಿದ. ಮದುವೆಯಾಗಿ ಇಷ್ಟು ವರ್ಷಕ್ಕೆ ಅಪ್ಪನ ಬಗ್ಗೆ ಅವನ ಬಾಯಿಂದ ಒಂದು ಕೆಟ್ಟ ಮಾತು ಬಂದದ್ದು ಅದೇ ಮೊದಲು. ಅವಳು ಅವನ ಪಕ್ಕ ಕೂತು ಕೇಳಿಸಿಕೊಂಡಳು. ಅವತ್ತು ರೊಟ್ಟಿ ಎರಡು ತಾಸು ತಡವಾಗಿ ಪಿ.ಜಿ.ಗಳಿಗೆ ಹೋಯಿತು.

ಕಣ್ಣಿನ ಚಿಕಿತ್ಸೆ ತಡವಾಗದಿರಲೆಂದು, ದಿನ ತುಂಬುವುದಕ್ಕೆ ಮೂರು ವಾರ ಮುಂಚೆಯೇ ಹೆರಿಗೆ ಮಾಡಿಸಿದರು. ಗಂಡು ಮಗು. ಮರುದಿನವೇ ಕಣ್ಣು ನೋಡಿದರು. ಎಡಗಣ್ಣು ಸ್ವಚ್ಛವಾಗಿತ್ತು. ಬಲಗಣ್ಣಿನ ಹಿಂಪರದೆಯ ಅಂಚಿನಲ್ಲಿ ಎಳ್ಳಿಗಿಂತ ಸಣ್ಣದಾದ ಒಂದು ಬಿಳಿಯ ಚುಕ್ಕೆ ಇತ್ತು. ಅದನ್ನು ಲೇಸರಿನಿಂದ ಸುಟ್ಟರು. ಐದು ತಿಂಗಳು ಬಿಟ್ಟು ಬಂದಿದ್ದರೆ ಏನಾಗುತ್ತಿತ್ತೆಂದು ಯಾರೂ ಕೇಳಲಿಲ್ಲ, ಡಾಕ್ಟರೂ ಹೇಳಲಿಲ್ಲ. ಮಗುವನ್ನು ಮೂರು ನಾಲ್ಕು ವಾರಕ್ಕೊಮ್ಮೆ ತರಬೇಕು, ಹೊಸ ಚುಕ್ಕೆ ಕಂಡರೆ ಕಂಡ ಕೂಡಲೇ ಸುಡಬೇಕು, ಇದು ಕೆಲವು ವರ್ಷದ ಕೆಲಸ ಎಂದರು.

ಲೇಸರಿನ ದಿನ ಅಣ್ಣತಮ್ಮಂದಿರು ಆಪರೇಷನ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಒಟ್ಟಿಗೆ ಕೂತಿದ್ದರು. ಭೀಮಾಶಂಕರ ಹೇಳಿದ:

“ನಿನ್ನ ಮ್ಯಾಲಿನ ಸಿಟ್ಟು ಹೇಳದೇ ಇದ್ದದ್ದಕ್ಕ ಅಲ್ಲಣ್ಣ. ಅಪ್ಪ ನಿನ್ನ ಹೊಡದಿದ್ದು, ಊರಾನ ಮಂದಿ ಅಂದಿದ್ದು, ಎಲ್ಲಾ ನನಗ ಗೊತ್ತಿತ್ತು. ನೀ ನನಗೇನ್ ಕೊಟ್ರೂ, ಕೊಡ್ಬೇಕು ಬಿಡು, ನನ್ನ ಕಣ್ಣು ಕಳದಾನಲ್ಲ ಅಂತ ಇಸ್ಕೊಂಡೀನಿ. ಈಗ ಅದೆಲ್ಲ ಎಲ್ಲಿಡ್ಲಿ?”

“ಇಸ್ಕೊಂಡಿದ್ದು ಇಸ್ಕೊಂಡಿ. ನೀ ಕೂಸಿದ್ದಾಗಿಂದ ನಾನೇ ಕೊಟ್ಟು ರೂಢಿ ಮಾಡ್ಸೀನಿ.”

“ಸಾಕು ಇನ್ನ.”

“ಸಾಕು” ಎಂದ ಚಂದ್ರಾಮಪ್ಪ. ನರ್ಸು ಬಂದು ಮಗುವಿಗೆ ಎಚ್ಚರವಾಗಿದೆ, ತಂದೆ ಯಾರು ಎಂದು ಕೇಳಿದಳು. ಭೀಮಾಶಂಕರ ಎದ್ದು ಒಳಗೆ ಹೋದ. ಅವನು ತನ್ನ ಮಗನನ್ನು ಎತ್ತಿಕೊಳ್ಳಲು ಹೆದರುತ್ತಿದ್ದಾನೆ ಎಂದು ಪ್ರಿಯದರ್ಶಿನಿ ಹುಸೇನಮ್ಮನ ಬಳಿ ಹೇಳಿಕೊಂಡಿದ್ದಳು. ಅವತ್ತು ಬಾಗಿಲಿಂದ ಹೊರಗೆ ಬಂದಾಗ ಮಗು ಅವನ ತೋಳಿನಲ್ಲೇ ಇತ್ತು, ಆಟೋ ಹತ್ತುವವರೆಗೂ ಅವನು ಯಾರ ಕೈಗೂ ಕೊಡಲಿಲ್ಲ.

ಮಗುವಿಗೆ ಶಿವಶರಣ ಎಂದು ಹೆಸರಿಟ್ಟರು. ಒಂದು ವರ್ಷ ತುಂಬುವುದರೊಳಗೆ ಇನ್ನೂ ಎರಡು ಚುಕ್ಕೆಗಳು ಕಂಡವು, ಎರಡನ್ನೂ ಸುಟ್ಟರು. ಎರಡೂ ಕಣ್ಣಿನಲ್ಲಿ ದೃಷ್ಟಿ ಉಳಿಯಿತು. ಪ್ರಿಯದರ್ಶಿನಿ ಮತ್ತೆ ಕೆಲಸಕ್ಕೆ ಸೇರಿದಳು. ವೈಷ್ಣವಿಗೆ ಅವಳ ಮೈಯಲ್ಲಿರುವುದೇನೆಂದು ತಾಯಿ ಆಗಲೇ ಸಣ್ಣ ಮಾತುಗಳಲ್ಲಿ ಹೇಳಿಕೊಡತೊಡಗಿದಳು. ಅಪ್ಪನಿಗೂ ಇದೆ, ನನಗೂ ಇದೆ, ತಮ್ಮನಿಗೂ ಇದೆ, ಅಪ್ಪನಿಗೆ ಮಾತ್ರ ಸ್ವಲ್ಪವೇ ಸ್ವಲ್ಪ ಇದೆ ಎಂದು ವೈಷ್ಣವಿ ಶಾಲೆಯ ಟೀಚರಿಗೆ ಲೆಕ್ಕ ಒಪ್ಪಿಸಿದಳಂತೆ.

ಆ ದೀಪಾವಳಿಯ ಹೊತ್ತಿಗೆ ನಯಾಜ್ ತನ್ನ ಅಂಗಡಿಯನ್ನು ಕೆ.ಆರ್. ಪುರದ ಕಡೆಗೆ ದೊಡ್ಡ ಶೆಡ್ಡಿಗೆ ಸಾಗಿಸಿದ. ಭೀಮಾಶಂಕರನಿಗೆ ಅಲ್ಲೇ ಹತ್ತಿರದಲ್ಲಿ ಒಂದು ಮನೆ ಸಿಕ್ಕಿತು. ಅವನು ಅಣ್ಣನ ಬಳಿ ಬಂದು, ನೀವೂ ಬನ್ನಿ, ಕೆಳಗೆ ಮಳಿಗೆ ಖಾಲಿ ಇದೆ, ರೊಟ್ಟಿ ಅಂಗಡಿಯನ್ನು ಅಲ್ಲಿಗೇ ತನ್ನಿ, ಮಕ್ಕಳಿಗೂ ಅನುಕೂಲ ಎಂದ. ಕೇಳುವ ಮೊದಲೇ ಉತ್ತರ ಗೊತ್ತಿದ್ದವನಂತೆ ಬಾಡಿಗೆಯ ಮಾತನ್ನೂ ಆಡಿ ಬಂದಿದ್ದ.

ಚಂದ್ರಾಮಪ್ಪ ಹಿಟ್ಟಿನ ಡಬ್ಬಿಯ ಮುಚ್ಚಳ ಹಾಕಿದ. “ಇಲ್ಲಪ್ಪ, ನಾ ಬರಂಗಿಲ್ಲ. ನನ್ನ ಗಿರಾಕಿ ಎಲ್ಲಾ ಇಲ್ಲೇ ಅದಾರ. ನಿಮ್ಮತ್ತಿಗಿಗೂ ಈ ಗಲ್ಲಿ ಬಿಡೂದು ಮನಸಿಲ್ಲ.”

ಅಣ್ಣ ತನಗೆ ಒಲ್ಲೆ ಎಂದದ್ದನ್ನು ಭೀಮಾಶಂಕರ ಹುಟ್ಟಿದಾರಭ್ಯ ಕೇಳಿರಲಿಲ್ಲ. ಜಗಳಕ್ಕೇ ನಿಂತ. ಬಾಡಿಗೆ ಮಾತಾಡಿ ಬಂದವನ ಮುಖಕ್ಕೆ ಮಸಿ ಬಳಿದೆ ಎಂದ, ಅಣ್ಣನಾಗಿ ಇಷ್ಟೂ ಆಗುವುದಿಲ್ಲವೇ ಎಂದ. ಚಂದ್ರಾಮಪ್ಪನೂ ಬಿಡಲಿಲ್ಲ, ಕೇಳದೆ ಮಾತಾಡಿ ಬಾ ಎಂದು ನಿನಗೆ ಹೇಳಿದವರು ಯಾರು ಎಂದ. ಇಬ್ಬರೂ ಗಲ್ಲಿಯವರಿಗೆ ಕೇಳುವಂತೆ ಕೂಗಾಡಿದರು. ಒಳಗಿದ್ದ ಹುಸೇನಮ್ಮ ಬಾಗಿಲವರೆಗೆ ಬಂದು, ಇಬ್ಬರನ್ನೂ ನೋಡಿ, ತನ್ನ ಪಾಡಿಗೆ ಒಳಗೆ ಹೋದಳು.

ಆ ವಾರವೆಲ್ಲ ಭೀಮಾಶಂಕರ ಬಿಗಿದುಕೊಂಡೇ ಇದ್ದ. ಮುಂದಿನ ಸೋಮವಾರ ಟೆಂಪೊದಲ್ಲಿ ಸಾಮಾನು ಹೇರಿಕೊಂಡು ಕೆ.ಆರ್. ಪುರಕ್ಕೆ ಹೊರಟ. ಮಂಚದ ಒಂದು ತುದಿಯನ್ನು ಹಿಡಿದು ಕೆಳಗಿಳಿಸಲು ಅಣ್ಣನನ್ನೇ ಕರೆದ. ಶಿವಶರಣನ ಮುಂದಿನ ತಪಾಸಣೆ ಶುಕ್ರವಾರವಿತ್ತು. ಅವತ್ತು ತನಗೂ ಹೆಂಡತಿಗೂ ರಜೆ ಸಿಗುವುದಿಲ್ಲ, ನೀನೇ ಕರೆದುಕೊಂಡು ಹೋಗಬೇಕು ಎಂದು ಟೆಂಪೊ ಹತ್ತುವಾಗ ಹೇಳಿದ. ಆಗಲಿ, ಆದರೆ ಹಾಲಿನ ಬಾಟಲಿ, ಬಟ್ಟೆ ಎಲ್ಲ ಸರಿಯಾಗಿ ಕಟ್ಟಿ ಕಳಿಸಿ, ಹೋದ ಸಲದಂತೆ ಅರ್ಧ ಮರೆತು ಕಳಿಸಬೇಡಿ ಎಂದು ಚಂದ್ರಾಮಪ್ಪ ಗೊಣಗಿ, ಅಂಗಡಿಯೊಳಕ್ಕೆ ಹೋದ.